ಗೌರಿಬಿದನೂರಿನಲ್ಲಿ ಕೊಂಡ ಕಿವಿ ಮೆಷಿನ್ನು

ಚಿಂತಾಮಣಿಯ ಆ ಔಷಧಿ ಅಂಗಡಿಯವನು ಗಾಜಿನ ಕಪಾಟಿನಿಂದ ಡಬ್ಬಿ ತೆಗೆದು, ಅದರೊಳಗಿನ ಕಿವಿ ಮೆಷಿನ್ನನ್ನು ನನ್ನ ಮುಂದಿಟ್ಟಾಗ, ಅದರ ರಬ್ಬರ್ ತುದಿಯಲ್ಲಿ ಬೇರೆ ಯಾರದೋ ಗುಗ್ಗೆ ಅಂಟಿಕೊಂಡಿತ್ತು. ಬೆಲ್ಲದ ಬಣ್ಣದ್ದು, ಸ್ವಲ್ಪ ಒಣಗಿದ್ದು. ಅವನಿಗೆ ಅದು ಕಾಣಿಸಿತು. ಅವನಿಗೆ ಕಾಣಿಸಿದ್ದನ್ನು ನಾನು ನೋಡಿದೆ. ಅವನು ಅಂಗಿಯ ಚುಂಗಿನಿಂದ ಅದನ್ನು ಒರೆಸಿ, "ಹಾಕ್ಕೊಂಡ್ ನೋಡಮ್ಮ, ಟ್ರಯಲ್ ಪೀಸು. ಎಲ್ರೂ ಇದ್ರಲ್ಲೇ ನೋಡೋದು," ಅಂದ.

ಎಲ್ಲರೂ ಅದರಲ್ಲೇ ನೋಡಿದ್ದರು ಅನ್ನುವುದು ನನಗೆ ಗೊತ್ತಾಗಿತ್ತು. ಬೇಡಪ್ಪ ಅಂದು ಬ್ಯಾಗೆತ್ತಿಕೊಂಡು ಹೊರಗೆ ಬಂದೆ. ಬಸ್ ನಿಲ್ದಾಣದ ನಲ್ಲಿಯಲ್ಲಿ ಎರಡೂ ಕಿವಿ ತೊಳೆದುಕೊಂಡೆ. ಆ ತುದಿ ನನ್ನ ಕಿವಿಗೆ ತಾಗಿಯೇ ಇರಲಿಲ್ಲ. ಆದರೂ ತೊಳೆದುಕೊಂಡೆ, ಸೆರಗಿನಿಂದ ಒರೆಸಿಕೊಂಡೆ, ಆಮೇಲೆ ಆ ಸೆರಗನ್ನೂ ಹಿಂಡಿದೆ.

ಹೇಸಿಗೆಯ ವಿಷಯದಲ್ಲಿ ನಾನು ಸುಮ್ಮಸುಮ್ಮನೆ ಮೂಗು ಮುರಿಯುವ ಹೆಂಗಸಲ್ಲ. ಮೂವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ತಟ್ಟೆಗಟ್ಟಲೆ ಹಿಕ್ಕೆ ಬಾಚಿ ಹಾಕಿದ್ದೇನೆ. ರೋಗ ಬಂದ ಹುಳು ಬೆರಳ ನಡುವೆ ಒಡೆದು ಹಾಲಿನಂಥ ರಸ ಮೊಣಕೈವರೆಗೆ ಇಳಿದದ್ದನ್ನು ಬೂದಿಯಲ್ಲಿ ಉಜ್ಜಿಕೊಂಡು ಹೋಗಿ ಊಟಕ್ಕೆ ಬಡಿಸಿದ್ದೇನೆ. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರ ಬೀದಿಯಲ್ಲಿ ಬೆಂದ ಹುಳುವಿನ ವಾಸನೆ ಮೂಗಿಗೆ ಹೊಡೆಯುತ್ತಿರುವಾಗ ನಿಂತುಕೊಂಡು ಟೀ ಕುಡಿದಿದ್ದೇನೆ. ಅದು ಕೆಲಸದ ಗಲೀಜು, ಅದಕ್ಕೆ ನಾನು ಹೇಸಿದವಳಲ್ಲ. ಆದರೆ ಮನುಷ್ಯರ ಮೈಯ ಗಲೀಜು, ಅದರಲ್ಲೂ ವಯಸ್ಸಾದವರ ಮೈಯದ್ದು, ನನಗೆ ಮೊದಲಿನಿಂದಲೂ ಆಗುವುದಿಲ್ಲ. ಈಗ ನಾನೇ ಆ ಸಾಲಿಗೆ ಸೇರಿದ್ದೆನಲ್ಲ, ಸಿಟ್ಟಿಗೆ ಅದೂ ಒಂದು ಕಾರಣವಿರಬೇಕು.

ಕಿವಿ ಮೆಷಿನ್ನು ನನಗೆ ಯಾಕೆ ಬೇಕಾಯಿತು ಅಂತ ಹೇಳಬೇಕಾದರೆ ನಮ್ಮ ಬೀದಿಯ ಪದ್ಧತಿ ಹೇಳಬೇಕು. ನಮ್ಮದು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಹಳ್ಳಿ. ಮನೆಗೊಂದು ಹಿಪ್ಪುನೇರಳೆ ತೋಟ, ತೋಟಕ್ಕೊಂದು ಹುಳುವಿನ ಮನೆ. ಹುಳು ಹಣ್ಣಾಗಿ, ಚಂದ್ರಿಕೆಯ ಬಿದಿರು ಹೆಣಿಗೆಗೆ ಹತ್ತಿ, ಗೂಡು ಕಟ್ಟಿಕೊಂಡ ಮೇಲೆ ಐದಾರು ದಿನ ಕಾಯಬೇಕು. ಒಳಗಿನ ಹುಳು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಬೇಕು. ಗಟ್ಟಿಯಾಗುವ ಮುಂಚೆ ಬಿಡಿಸಿದರೆ ಮಾರುಕಟ್ಟೆಗೆ ಹೋಗುವ ದಾರಿಯಲ್ಲೇ ಹುಳು ಒಡೆದು ಗೂಡೆಲ್ಲ ಕಲೆಯಾಗುತ್ತದೆ. ತೀರಾ ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಬಿಡಿಸುವ ದಿನ ಯಾವುದು ಅನ್ನುವುದರ ಮೇಲೆ ಒಂದು ತಿಂಗಳ ದುಡಿಮೆ ನಿಂತಿರುತ್ತದೆ.

ಆ ದಿನವನ್ನು ಹೇಳುವುದು ನಮ್ಮ ಮನೆಯ ಹೆಂಗಸರ ಕೆಲಸ. ಐದು ಚಂದ್ರಿಕೆಯಿಂದ ಐದು ಗೂಡು ಕಿತ್ತು, ಸ್ಟೀಲು ತಟ್ಟೆಯಲ್ಲಿಟ್ಟುಕೊಂಡು, ಬೀದಿಯವರು ನಮ್ಮ ಜಗಲಿಗೆ ಬರುತ್ತಾರೆ. ಮೊದಲು ನನ್ನ ಅತ್ತೆ ಹೇಳುತ್ತಿದ್ದರು. ಒಂದೊಂದು ಗೂಡನ್ನೂ ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುವರು. ಒಳಗಿನದು ಗಟ್ಟಿಯಾಗಿದ್ದರೆ ಒಣಗಿದ ಹುಣಸೆಕಾಯಿಯೊಳಗಿನ ಬೀಜದ ಹಾಗೆ ಕಟಕಟ ಅನ್ನುತ್ತದೆ. ಎಳೆಯದಿದ್ದರೆ ಮೆತ್ತಗೆ, ಒದ್ದೆ ಬಟ್ಟೆ ಬಡಿದ ಹಾಗೆ. ಸತ್ತು ಕೊಳೆತಿದ್ದರೆ ಗೂಡಿನ ಒಳಗೋಡೆಗೆ ಅಂಟಿಕೊಂಡು ಸದ್ದೇ ಇರುವುದಿಲ್ಲ. ಬ್ಲೇಡಿನಿಂದ ಕೊಯ್ದೂ ನೋಡಬಹುದು, ಇಲಾಖೆಯ ತರಬೇತಿಯಲ್ಲಿ ಅದನ್ನೇ ಹೇಳಿಕೊಡುತ್ತಾರೆ. ಅತ್ತೆಗೆ ಅದು ಆಗುತ್ತಿರಲಿಲ್ಲ. "ಬಸುರಿ ಹೊಟ್ಟೆ ಕೊಯ್ದು ತಿಂಗಳು ಎಣಿಸ್ತಾರೇನಮ್ಮ?" ಅನ್ನುತ್ತಿದ್ದರು. ಅವರಾದ ಮೇಲೆ ಆ ಜಗಲಿ ನನ್ನದಾಯಿತು. ಇಪ್ಪತ್ತು ವರ್ಷ ನಾನು ಹೇಳಿದ ದಿನವೇ ಬೀದಿಯಲ್ಲಿ ಗೂಡು ಬಿಡಿಸಿದ್ದಾರೆ. ಒಂದು ಸಲವೂ ತಪ್ಪಿದ್ದಿಲ್ಲ. ನನಗೆ ಅದರ ಜಂಭವಿತ್ತು, ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ನನಗೆ ಬೇರೆ ಯಾವ ಪದವಿಯೂ ಇರಲಿಲ್ಲ.

ತಟ್ಟೆ ಹಿಡಿದು ಬರುವವರಲ್ಲಿ ತಪ್ಪದೆ ಬರುತ್ತಿದ್ದವಳು ಹಿಂದಿನ ಬೀದಿಯ ಒಬ್ಬಳು. ನಲವತ್ತರ ಹತ್ತಿರದವಳು, ಬಿಎಸ್ಸಿ ಓದಿದವಳು. ಗಂಡ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಅವರ ಮನೆಯಲ್ಲಿ ನಮ್ಮ ದೇವರುಗಳಿಲ್ಲ, ಬುದ್ಧನ ಪಟವಿದೆ. ಅವಳ ಮಾವನ ಕಾಲದಲ್ಲಿ ಆ ಮನೆಯವರು ನಮ್ಮ ತೋಟದಲ್ಲಿ ಕೂಲಿಗೆ ಬರುತ್ತಿದ್ದವರು. ಇವಳು ಬಂದ ಮೇಲೆ ತಮ್ಮದೇ ಎರಡೆಕರೆಯಲ್ಲಿ ಸೊಪ್ಪು ಹಾಕಿ, ಹುಳುವಿನ ಮನೆ ಕಟ್ಟಿಸಿ, ನಮ್ಮೆಲ್ಲರಿಗಿಂತ ಅಚ್ಚುಕಟ್ಟಾಗಿ ಬೆಳೆ ತೆಗೆಯತೊಡಗಿದಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು. ನಾನೇ ಅವಳಿಗೆ ಹುಳು ಸಾಕುವುದನ್ನು ಕಲಿಸಿದೆ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅವಳು ಅದನ್ನು ಒಮ್ಮೆಯೂ ಅಲ್ಲ ಅನ್ನಲಿಲ್ಲ.

ಸುಮಾರು ಮೂರು ವರ್ಷದ ಹಿಂದೆ ಗೂಡು ಮಾತಾಡುವುದನ್ನು ನಿಲ್ಲಿಸಿತು. ಮನುಷ್ಯರ ಮಾತು ಕೇಳಿಸುತ್ತಿತ್ತು, ಕುಕ್ಕರಿನ ಸೀಟಿ ಕೇಳಿಸುತ್ತಿತ್ತು, ಬಸ್ಸಿನ ಹಾರನ್ನು ಬೇಡವೆಂದರೂ ಕೇಳಿಸುತ್ತಿತ್ತು. ಗೂಡು ಮಾತ್ರ ಇಲ್ಲ. ಮೊದಮೊದಲು ಬೆಳೆಯೇ ಸರಿಯಿಲ್ಲ, ಹುಳು ಒಳಗೇ ಸತ್ತಿದೆ ಅಂದುಕೊಂಡೆ. ಒಂದು ದಿನ ಚೆನ್ನಾಗಿ ಮಾಗಿದ ನಮ್ಮದೇ ಗೂಡನ್ನು ಬಲಗಿವಿಗೆ ಹಿಡಿದು, ಎಡಗಿವಿಗೆ ಹಿಡಿದು, ಕೊನೆಗೆ ಹಲ್ಲಿಗೆ ಒತ್ತಿ ಹಿಡಿದು ಅಲ್ಲಾಡಿಸಿದೆ. ಬೆರಳಿಗೆ ಅದು ಬಡಿಯುವುದು ಗೊತ್ತಾಗುತ್ತಿತ್ತು, ಕಿವಿಗೆ ಏನೂ ಬರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಒಬ್ಬ ಕಿವಿ ಡಾಕ್ಟರಿಗೆ ತೋರಿಸಿದೆ. ಅಲ್ಲಿ ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಗಂಡಸು ಬೈಕಿನ ಕೀಲಿಯಿಂದ ಕಿವಿ ಕೆದಕಿಕೊಂಡು, ಕೀಲಿಯ ತುದಿಯನ್ನು ಮೂಸಿ ನೋಡಿ, ಬೆಂಚಿನ ಅಡಿಗೆ ಒರೆಸಿದ. ಇನ್ನೊಬ್ಬ ಮುದುಕ ಎಲ್ಲರಿಗೂ ಕೇಳಿಸುವ ಹಾಗೆ ತನ್ನ ಮಲಬದ್ಧತೆಯ ವಿಷಯ ಸೊಸೆಗೆ ಹೇಳುತ್ತಿದ್ದ, ತಾನು ಪಿಸುಗುಡುತ್ತಿದ್ದೇನೆ ಅಂತ ಅವನ ನಂಬಿಕೆ. ನನ್ನನ್ನು ಒಂದು ಸಣ್ಣ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಹಿಂದಿನವರ ಬೆವರಿನ ಬಿಸಿ ಇನ್ನೂ ಅದರಲ್ಲಿತ್ತು. ಆಮೇಲೆ ಡಾಕ್ಟರು ಒಂದು ಗೆರೆ ತೋರಿಸಿದರು, ಅದು ಬಲಕ್ಕೆ ಹೋಗ್ತಾ ಹೋಗ್ತಾ ಇಳಿಯುತ್ತಿತ್ತು. "ಜಾಸ್ತಿ ಏನಿಲ್ಲಮ್ಮ, ಮೈಲ್ಡು. ತೆಳು ಸದ್ದುಗಳು ಮಾತ್ರ ಹೋಗಿವೆ. ದಿನದ ಬಾಳಿಗೆ ತೊಂದ್ರೆ ಇಲ್ಲ. ಬೇಕಂದ್ರೆ ಮೆಷಿನ್ ಹಾಕಣ, ಅಳತೆ ತಗೊಂಡು, ಎರಡು ಮೂರು ಸಲ ಬಂದು ಸರಿ ಮಾಡಿಸ್ಕೋಬೇಕು," ಅಂದರು. ಒಳ್ಳೆಯ ಮಾತೇ ಹೇಳಿದರು. ನಾನು ಆ ಬೆಂಚಿನಲ್ಲಿ ಇನ್ನು ಎರಡು ಮೂರು ಸಲ ಕೂರುವುದು ಸಾಧ್ಯವೇ ಇರಲಿಲ್ಲ. ಜೊತೆಗೆ ಹೊರಗೆ ಬರುವಾಗ ನಮ್ಮೂರಿನ ಕಡೆಯವರೊಬ್ಬರು ಸಿಕ್ಕಿ, "ಏನಮ್ಮ, ಕಿವಿ ಏನಾಯ್ತು?" ಅಂತ ಕೇಳಿದರು. ಗುಗ್ಗೆ ತೆಗೆಸಿಕೊಂಡೆ ಅಂದೆ. ಮನೆಯಲ್ಲಿ ಗಂಡನಿಗೂ ಅದನ್ನೇ ಹೇಳಿದೆ.

ಅಲ್ಲಿಂದ ಮುಂದೆ ಜಗಲಿಯ ಮೇಲೆ ನಾಟಕ ಶುರುವಾಯಿತು. ತಟ್ಟೆ ಬಂದರೆ ಗೂಡೆತ್ತುತ್ತಿದ್ದೆ, ತಲೆ ಓರೆ ಮಾಡುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ. ಮನಸ್ಸಿನಲ್ಲಿ ದಿನ ಎಣಿಸುತ್ತಿದ್ದೆ, ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ, ಬಿಸಿಲು ಎಷ್ಟಿದೆ ಅಂತ ಲೆಕ್ಕ ಹಾಕುತ್ತಿದ್ದೆ. ಬೇಸಿಗೆಯಲ್ಲಿ ಐದನೇ ದಿನ ಅಂದರೆ ತಪ್ಪುವುದಿಲ್ಲ. ಎರಡು ಬೇಸಿಗೆ ಹಾಗೆ ದಾಟಿದೆ. ಒಂದು ಗೂಡನ್ನು ಕೊಯ್ದು ನೋಡಿದ್ದರೆ ಮುಗಿಯುತ್ತಿತ್ತು, ಅರ್ಧ ನಿಮಿಷದ ಕೆಲಸ. ಇಪ್ಪತ್ತು ವರ್ಷ ಕಿವಿಯಲ್ಲಿ ನೋಡಿದವಳು ಈಗ ಬ್ಲೇಡು ಹಿಡಿದಳು ಅಂತ ಒಬ್ಬರು ಅಂದರೂ ಸಾಕು, ನಾನು ಆ ಜಗಲಿಯಿಂದ ಇಳಿದ ಹಾಗೆ. ಅದು ನನಗೆ ಬೇಕಿರಲಿಲ್ಲ.

ಚಳಿಗಾಲದ ಹೆದರಿಕೆ ಬೇರೆ. ನಡುವಿನ ಒಂದು ಚಳಿಗಾಲ ಅದೃಷ್ಟದ ಮೇಲೆ ದಾಟಿತ್ತು. ಚಳಿಯಲ್ಲಿ ಹುಳು ಒಳಗೆ ಮಾಗಲು ಎಷ್ಟು ದಿನ ಬೇಕು ಅಂತ ಯಾರೂ ಎಣಿಸಿ ಹೇಳಲಾರರು. ಆ ಹೆದರಿಕೆಗೇ ಹೋದ ವರ್ಷ ಕಾರ್ತಿಕದಲ್ಲಿ ಚಿಂತಾಮಣಿಯ ಅಂಗಡಿಗೆ ಹೋದದ್ದು, ಯಾರದೋ ಗುಗ್ಗೆ ನೋಡಿ ವಾಪಸು ಬಂದದ್ದು. ಅದಾಗಿ ಒಂದು ವಾರಕ್ಕೆ ಗೌರಿಬಿದನೂರಿಗೆ ಹೋದೆ. ಗೌರಿಬಿದನೂರಿನಲ್ಲಿ ನನ್ನನ್ನು ಗುರುತು ಹಿಡಿಯುವವರು ಯಾರೂ ಇಲ್ಲ ಅನ್ನುವುದೊಂದೇ ಅದರ ಗುಣ. ನೆಂಟರ ಮನೆಯ ನಾಮಕರಣ ಅಂತ ಗಂಡನಿಗೆ ಹೇಳಿ, ರೇಷ್ಮೆ ಸೀರೆ ಉಟ್ಟು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಹೋದೆ. ಇಲ್ಲದ ಮಗುವಿಗೆ ಹೆಸರೇನಿಟ್ಟರು ಅಂತ ಕೇಳಿದರೆ ಹೇಳಲು ಬಸ್ಸಿನಲ್ಲೇ ಒಂದು ಹೆಸರನ್ನೂ ಯೋಚಿಸಿಟ್ಟುಕೊಂಡೆ.

ಅದು ಕನ್ನಡಕದ ಅಂಗಡಿ. ಒಂದು ಗೋಡೆಗೆ ಕಿವಿ ಮೆಷಿನ್ನುಗಳು. ಮೇಲೊಂದು ದೊಡ್ಡ ಫೋಟೋ, ಅದರಲ್ಲಿ ಬಿಳಿ ಕೂದಲಿನ ದಂಪತಿ ಮೂವತ್ತೆರಡು ಹಲ್ಲೂ ಬಿಟ್ಟುಕೊಂಡು ನಗುತ್ತಿದ್ದಾರೆ, ಕಿವುಡಾದದ್ದೇ ಒಂದು ಹಬ್ಬ ಅನ್ನುವ ಹಾಗೆ. ಅಂಗಡಿಯವನು ಕನ್ನಡ ತೆಲುಗು ಎರಡನ್ನೂ ಕಲಸಿ ಮಾತಾಡುತ್ತಿದ್ದ. ಡಾಕ್ಟರ ಚೀಟಿ ತಂದಿಲ್ಲ ಅಂದೆ. "ಚೀಟಿ ಗೀಟಿ ಏಮೀ ಬೇಕಿಲ್ಲಮ್ಮ. ಮೈಲ್ಡ್ ಇರೋರಿಗೆ ಇದು ನೆಗಡಿ ಮಾತ್ರೆ ಇದ್ದಂಗೆ. ಡಬ್ಬ ತೆಗೀರಿ, ಹಾಕ್ಕೊಳಿ, ಹೋಗ್ತಾ ಇರಿ," ಅಂದ. ಮುಂದಕ್ಕೆ ಬಗ್ಗಿ, ಎಳೆ ಮಗುವನ್ನು ಮಾತಾಡಿಸುವವನ ಹಾಗೆ ಕಣ್ಣರಳಿಸಿ, "ಯಾತಕ್ಕೆ ಬೇಕು ನಿಮ್ಗೆ? ಟಿವಿಗಾ? ಮೊಮ್ಮಕ್ಕಳ್ ಮಾತು ಕೇಳ್ಬೇಕಾ?" ಅಂದ.

ನನಗೆ ಟಿವಿಯೂ ಬೇಡ, ಅವನ ನಗುವೂ ಬೇಡ. ಕರವಸ್ತ್ರದಲ್ಲಿ ಒಂದು ಗೂಡು ಕಟ್ಟಿಕೊಂಡು ಹೋಗಿದ್ದೆ, ಅಲ್ಲೇ ಅಲ್ಲಾಡಿಸಿ ನೋಡಬೇಕು ಅಂತ. ಅವನ ಆ ಮುಖದ ಮುಂದೆ ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಟಿವಿಗೆ ಅಂದೆ. ಅವನು ಸೀಲು ಒಡೆಯದ ಡಬ್ಬಿಯೊಂದನ್ನು ತೆಗೆದುಕೊಟ್ಟ. ಸೀಲು ಇದೆ ಅನ್ನುವುದಷ್ಟನ್ನೇ ನಾನು ನೋಡಿದ್ದು, ಯಾರ ಕಿವಿಗೂ ಹೋಗಿಲ್ಲ ಅನ್ನುವುದಷ್ಟೇ ನನಗೆ ಬೇಕಿದ್ದದ್ದು. ಮಾವಿನಕಾಯಿ ಕೊಳ್ಳುವಾಗಲೂ ನಾನು ಇದಕ್ಕಿಂತ ಹೆಚ್ಚು ಪರೀಕ್ಷೆ ಮಾಡುತ್ತೇನೆ.

ಮನೆಗೆ ತಂದು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಬಿಚ್ಚಿದೆ. ಅದರ ಬಣ್ಣ ನೋಡಿಯೇ ಅಸಹ್ಯವಾಯಿತು. ಚರ್ಮದ ಬಣ್ಣ ಅಂತ ಡಬ್ಬಿಯ ಮೇಲೆ ಬರೆದಿತ್ತು, ನಮ್ಮ ಸೀಮೆಯಲ್ಲಿ ಯಾರ ಚರ್ಮವೂ ಆ ಬಣ್ಣದ್ದಲ್ಲ. ಕಿವಿಯ ಹಿಂದೆ ಸಿಕ್ಕಿಸಿಕೊಂಡು ತುದಿಯನ್ನು ಒಳಗೆ ತುರುಕಿಕೊಂಡೆ. ಮೊದಲು ಒಂದು ಕೀರಲು ಸದ್ದು. ಆಮೇಲೆ ನನ್ನದೇ ಉಗುಳು ನುಂಗಿದ ಸದ್ದು, ಬಾವಿಗೆ ಕೊಡ ಬಿದ್ದ ಹಾಗೆ. ಕೂದಲು ಮೆಷಿನ್ನಿಗೆ ತಾಗಿದರೆ ಯಾರೋ ಕಸ ಗುಡಿಸಿದ ಹಾಗೆ. ಊಟಕ್ಕೆ ಕೂತಾಗ ಎದುರಿಗೆ ಗಂಡ ಸಾರು ಸೊರ್ರನೆ ಹೀರುವುದು, ಮುದ್ದೆ ಗಂಟಲಲ್ಲಿ ಇಳಿಯುವುದು, ಆಮೇಲೆ ಹಲ್ಲಿನ ಸಂದಿಯಿಂದ ಏನನ್ನೋ ನಾಲಿಗೆಯಲ್ಲಿ ಎಳೆಯುವುದು, ಎಲ್ಲವೂ ನನ್ನ ತಲೆಯೊಳಗೇ ನಡೆಯಿತು. ಮೂವತ್ತೈದು ವರ್ಷದಿಂದ ಜೊತೆಯಲ್ಲಿ ಉಂಡ ಮನುಷ್ಯ. ಅರ್ಧಕ್ಕೇ ಎದ್ದು ಕೈ ತೊಳೆದೆ. "ಯಾಕೇ, ಊಟ ಸೇರ್ಲಿಲ್ವಾ?" ಅಂದ. ನಾಮಕರಣದ ಊಟ ಹೆಚ್ಚಾಗಿತ್ತು ಅಂದೆ.

ಆದರೂ ದಿನಾ ಸ್ವಲ್ಪ ಹೊತ್ತು ಹಾಕಿಕೊಂಡೆ. ಕರವಸ್ತ್ರದ ಗೂಡು ಬಸ್ಸಿನಲ್ಲೇ ಅಪ್ಪಚ್ಚಿಯಾಗಿತ್ತು, ಅಲ್ಲಾಡಿಸಿ ನೋಡಲು ಮನೆಯಲ್ಲಿ ಬೇರೆ ಗೂಡಿರಲಿಲ್ಲ. ತುರುಬನ್ನು ಕೆಳಗಿಳಿಸಿ, ಕಿವಿ ಮುಚ್ಚುವ ಹಾಗೆ ಸೆರಗು ಹೊದ್ದುಕೊಂಡೆ. ಕಿವಿಯೊಳಗೆ ಬೆವೆತು ನವೆಯಾಗುತ್ತಿತ್ತು. ಸಂಜೆ ತೆಗೆದು ನೋಡಿದರೆ ತುದಿಯಲ್ಲಿ ಬೆಲ್ಲದ ಬಣ್ಣ. ಈ ಸಲ ನನ್ನದೇ. ಅದನ್ನು ಒರೆಸುವಾಗಲೂ ಮುಖ ಆಚೆ ತಿರುಗಿಸಿಕೊಂಡೇ ಒರೆಸುತ್ತಿದ್ದೆ.

ಮಾರ್ಗಶಿರದಲ್ಲಿ ಚಳಿ ಬಿತ್ತು. ಮೂರು ದಿನ ಸೂರ್ಯನೇ ಕಾಣಲಿಲ್ಲ, ಅಂಬಾಜಿದುರ್ಗದ ಬೆಟ್ಟ ಮೋಡದಲ್ಲಿ ಮುಳುಗಿತ್ತು. ಊರಿನಲ್ಲಿ ಆಗ ಗೂಡಿನ ಹಂತದಲ್ಲಿದ್ದದ್ದು ಹಿಂದಿನ ಬೀದಿಯವಳ ಬೆಳೆ ಒಂದೇ. ನಮ್ಮ ಹುಳು ಇನ್ನೂ ಸೊಪ್ಪು ತಿನ್ನುತ್ತಿತ್ತು. ಗೂಡು ಕಟ್ಟಿದ ಆರನೇ ದಿನ ಬೆಳಿಗ್ಗೆ ಅವಳು ತಟ್ಟೆ ತಂದಳು. ಜಗಲಿಯ ಮೇಲೆ ಇನ್ನೂ ಇಬ್ಬರು ಹೆಂಗಸರು ಬಿಸಿಲು ಬರುತ್ತದೇನೋ ಅಂತ ಕೂತಿದ್ದರು. ನಾನು ಒಳಗೆ ಹೋಗಿ ಮೆಷಿನ್ನು ಸಿಕ್ಕಿಸಿಕೊಂಡು, ಸೆರಗು ಹೊದ್ದು, ಬಂದು ಕೂತೆ.

ಮೊದಲನೇ ಗೂಡೆತ್ತಿ ಅಲ್ಲಾಡಿಸಿದೆ. ಕಟಕಟ ಅಂದಿತು.

ಎರಡು ವರ್ಷವಾಗಿತ್ತು ನಾನು ಅದನ್ನು ಕೇಳಿ. ಇನ್ನೊಂದನ್ನು ಎತ್ತಿದೆ, ಅದೂ ಕಟಕಟ. ಮೂರನೆಯದು, ನಾಲ್ಕನೆಯದು, ಐದನೆಯದು. ಎಲ್ಲವೂ ಒಂದೇ ಸಮ, ಗಟ್ಟಿಯಾಗಿ, ಸ್ಪಷ್ಟವಾಗಿ. ಐದು ಗೂಡು ಐದೂ ಒಂದೇ ಥರ ಸದ್ದು ಮಾಡುವುದು ಅಂತ ಇಲ್ಲವೇ ಇಲ್ಲ. ಒಂದು ಮಂಕಾಗಿರುತ್ತದೆ, ಒಂದು ಚುರುಕಾಗಿರುತ್ತದೆ. ಅದು ನನಗೆ ಗೊತ್ತಿರದ ವಿಷಯವಲ್ಲ. ಆದರೆ ಆವತ್ತು ನಾನು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ, ಕಳೆದುಹೋದದ್ದು ಸಿಕ್ಕಿದ ಖುಷಿಯಲ್ಲಿದ್ದೆ. "ಮಾಗಿದೆ ಕಣಮ್ಮ, ಮಾಗಿ ಕೂತಿದೆ. ಇವತ್ತೇ ಬಿಡಿಸು, ನಾಳೆ ಮಾರ್ಕೆಟ್ಟಿಗೆ ಹಾಕು," ಅಂದೆ. ಚಳಿ ಇದೆಯಲ್ಲ ಅಂತ ಕೂತಿದ್ದ ಹೆಂಗಸೊಬ್ಬಳು ಅಂದದ್ದಕ್ಕೆ, "ನನ್ ಕಿವಿ ಸುಳ್ ಹೇಳುತ್ತೇನೇ?" ಅಂತ ಅವಳ ಬಾಯಿ ಮುಚ್ಚಿಸಿದೆ. ಗೂಡು ಬಿಡಿಸಲು ಆಳುಗಳಿಗೆ ನಾನೇ ಫೋನು ಮಾಡಿ ಕರೆಸಿದೆ. ಮಾರನೇ ದಿನ ಅವಳ ಜೊತೆ ಶಿಡ್ಲಘಟ್ಟಕ್ಕೂ ನಾನೇ ಹೊರಟೆ. ಯಾರೂ ಕರೆದಿರಲಿಲ್ಲ.

ಗೂಡಿನ ಮಾರುಕಟ್ಟೆಯಲ್ಲಿ ಅವಳ ಗೂಡನ್ನು ತಟ್ಟೆಗಳಿಗೆ ಸುರಿಯುವಾಗಲೇ ವಾಸನೆ ಬಂತು. ನೂಲು ತೆಗೆಯುವವರೊಬ್ಬರು ಬಂದು ಒಂದು ಹಿಡಿ ಎತ್ತಿಕೊಂಡರು. ಬಿಳಿ ಗೂಡಿನ ಮೇಲೆ ಅಲ್ಲಲ್ಲಿ ಹಳದಿ ಮಿಶ್ರಿತ ಕಂದು ಒದ್ದೆ. ಅವರು ಒಂದನ್ನು ಅಡ್ಡ ಕೊಯ್ದರು. ಒಳಗೆ ಹುಳುವೇ ಇರಲಿಲ್ಲ, ಕೆಟ್ಟ ಮಜ್ಜಿಗೆಯಂಥ ಗಂಜಿ ಇತ್ತು, ಅದು ಅವರ ಮಣಿಕಟ್ಟಿನ ಮೇಲೆ ಇಳಿಯಿತು. "ಕಚ್ಚಾ ಮಾಲ್ ಹೈ," ಅಂತ ಪಕ್ಕದವರಿಗೆ ಹೇಳಿ, ನಮ್ಮ ಕಡೆ ತಿರುಗಿ, "ಏನಮ್ಮ, ಎಳೇದು ಬಿಡ್ಸಿದೀರ. ಒಂದೆರಡು ದಿನ ಬಿಡಬೇಕಿತ್ತು," ಅಂದರು. ಇನ್ನೂ ಮೂರು ನಾಲ್ಕು ಜನ ಬಂದರು, ಕೊಯ್ದರು, ಕೈ ಒರೆಸಿಕೊಂಡು ಮುಂದಕ್ಕೆ ಹೋದರು. ಹರಾಜು ಶುರುವಾಗಿ ಮುಗಿಯಿತು. ಆ ಮಾಲಿಗೆ ಯಾರೂ ಕೂಗಲಿಲ್ಲ. ಅವಳು ತಟ್ಟೆಯ ಪಕ್ಕ ನಿಂತಿದ್ದಳು, ಗೂಡನ್ನು ನೋಡುತ್ತಿದ್ದಳು, ನನ್ನನ್ನು ನೋಡಲಿಲ್ಲ.

ನಾನು ನಂಬಲಿಲ್ಲ. ಕಿವಿಯಲ್ಲಿ ಮೆಷಿನ್ನು ಇತ್ತು, ಒಂದು ಗೂಡೆತ್ತಿ ಅಲ್ಲಾಡಿಸಿದೆ. ಕಟಕಟ ಅಂದಿತು. ಆಗ ಅವರು ಕೊಯ್ದು ಬಿಸಾಡಿದ್ದ ಗೂಡಿನ ಖಾಲಿ ಚಿಪ್ಪೊಂದು ಕಾಲ ಹತ್ತಿರ ಬಿದ್ದಿತ್ತು. ಅದನ್ನೆತ್ತಿ ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಏನೂ ಇಲ್ಲದ ಚಿಪ್ಪು. ಅದೂ ಕಟಕಟ ಅಂದಿತು, ಅಷ್ಟೇ ಗಟ್ಟಿಯಾಗಿ, ಅಷ್ಟೇ ಸ್ಪಷ್ಟವಾಗಿ. ನಾನು ಕೇಳಿದ್ದು ಹುಳುವನ್ನಲ್ಲ. ಕೈ ಅಲ್ಲಾಡಿದಾಗ ನನ್ನ ಗಾಜಿನ ಬಳೆಗಳು ಒಂದಕ್ಕೊಂದು ತಾಗುವುದನ್ನು ಆ ದರಿದ್ರ ಯಂತ್ರ ಹಿಗ್ಗಿಸಿ ತಂದು ನನ್ನ ಕಿವಿಗೆ ಸುರಿಯುತ್ತಿತ್ತು.

ಗೋಡೆಯ ಹತ್ತಿರ ಹೋಗಿ ಮೆಷಿನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಗೌರಿಬಿದನೂರಿನವನ ಮೇಲೆ, ಅವನ ಗೋಡೆಯ ಮೇಲೆ ಹಲ್ಲು ಕಿರಿದವರ ಮೇಲೆ, ಆ ಬಣ್ಣದ ಮೇಲೆ, ಎಲ್ಲದರ ಮೇಲೂ ಹೇಸಿಗೆ ಉಕ್ಕಿ ಬಂತು. ಅಷ್ಟಾದರೂ ಅವಳ ಹತ್ತಿರ ಹೋಗಿ ತಪ್ಪಾಯಿತು ಅನ್ನಲಿಲ್ಲ. "ಈ ಸಲ ಚಾಕಿನೇ ಸರಿ ಇರ್ಲಿಲ್ಲ ಅನ್ಸುತ್ತೆ ಕಣಮ್ಮ," ಅಂದೆ. ಅವಳು ಹೂಂ ಅಂದಳು. ಮೊಟ್ಟೆ ಒಡೆಸಿ ಮರಿ ಕೊಟ್ಟವರ ತಲೆಗೆ ನನ್ನ ತಪ್ಪನ್ನು ಕಟ್ಟಿ, ಅವಳ ಜೊತೆ ಒಂದೇ ಸೀಟಿನಲ್ಲಿ ಕೂತು ಊರಿಗೆ ಬಂದೆ. ಅವಳ ಸೀರೆಯಿಂದ ಆ ವಾಸನೆ ಬರುತ್ತಿತ್ತು. ನನ್ನ ಸೀರೆಯಿಂದಲೂ ಬರುತ್ತಿತ್ತು.

ಆಮೇಲಿನ ಹತ್ತು ಹನ್ನೆರಡು ದಿನ ನಾನು ಹಿಂದಿನ ಬೀದಿಗೆ ತಲೆ ಹಾಕಲಿಲ್ಲ. ನಮ್ಮ ಹುಳು ಹಣ್ಣಾಯಿತು, ಚಂದ್ರಿಕೆಗೆ ಬಿಟ್ಟೆವು, ಗೂಡು ಕಟ್ಟಿತು. ಚಳಿ ಹಾಗೇ ಇತ್ತು. "ಯಾವತ್ತು ಬಿಡಿಸೋದು?" ಅಂತ ಗಂಡ ದಿನಾ ಕೇಳತೊಡಗಿದ. ಗೂಡನ್ನು ಕೈಗೆ ತೆಗೆದುಕೊಳ್ಳುವುದಕ್ಕೇ ನನಗೆ ಅಸಹ್ಯವಾಗುತ್ತಿತ್ತು. ಗೂಡು ಕಟ್ಟಿದ ಏಳನೇ ದಿನ ಬೆಳಿಗ್ಗೆ ಎದ್ದು, ಯಾರಿಗೂ ಹೇಳದೆ, ಅವಳ ಮನೆಗೆ ಹೋದೆ. ಅಲ್ಲಿಯವರೆಗೆ ಅವಳು ನಮ್ಮ ಜಗಲಿಗೆ ಬರುತ್ತಿದ್ದಳೇ ಹೊರತು ನಾನು ಅವಳ ಮನೆಯೊಳಗೆ ಹೋಗಿ ಕೂತದ್ದಿರಲಿಲ್ಲ. ಹೋದರೆ ಅಂಗಳದಲ್ಲಿ ನಿಂತು ಮಾತಾಡಿ ಬರುತ್ತಿದ್ದೆ. ಅದಕ್ಕೆ ಕಾರಣ ಏನು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆವತ್ತು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅವಳು ಟೀ ಕೊಟ್ಟಳು. ಕುಡಿದೆ.

"ನಂಗೆ ಗೂಡಿನ ಸದ್ದು ಕೇಳ್ಸಲ್ಲ ಕಣಮ್ಮ. ಎರಡ್ ವರ್ಷ ಆಯ್ತು," ಅಂದೆ.

"ಗೊತ್ತು ಅಕ್ಕ," ಅಂದಳು.

ನಾನು ಲೋಟ ಕೆಳಗಿಟ್ಟೆ. ಅವಳು ಎದುರಿಗೆ ನೆಲದ ಮೇಲೆ ಕೂತು ಸೊಪ್ಪು ಕತ್ತರಿಸುತ್ತಿದ್ದಳು, ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಹೋದ್ ಬೇಸಿಗೇಲೇ ಗೊತ್ತಾಯ್ತು. ನೀವು ಅಲ್ಲಾಡಿಸ್ತಾ ಇದ್ರಿ, ಕಣ್ಣು ಮಾತ್ರ ಕ್ಯಾಲೆಂಡರ್ ಕಡೆ ಇತ್ತು. ಆವತ್ತಿಂದ ನಾನು ಮನೇಲಿ ಒಂದು ಕೊಯ್ದು ನೋಡ್ಕೊಂಡೇ ತಟ್ಟೆ ತರ್ತಿದ್ದೆ. ನೀವು ಹೇಳೋದೂ ಸರಿಯಾಗೇ ಇರ್ತಿತ್ತು. ಅದಕ್ಕೆ ಸುಮ್ನಿದ್ದೆ."

"ಈ ಸಲ?"

"ಈ ಸಲಾನೂ ಕೊಯ್ದಿದ್ದೆ. ಬೆಳ್ಳಗಿತ್ತು, ಮುಟ್ಟಿದ್ರೆ ಒಡ್ಯೋ ಹಂಗಿತ್ತು."

ಗೊತ್ತಿದ್ದೂ ಬಿಡಿಸಿದ್ದಳು. ಒಂದು ತಿಂಗಳು ಹಗಲೆಲ್ಲ ಸೊಪ್ಪು ಹೊತ್ತು ಬೆಳೆಸಿದ್ದನ್ನು ಗೊತ್ತಿದ್ದೂ ಹಾಳಾಗಲು ಬಿಟ್ಟಿದ್ದಳು. "ಮತ್ಯಾಕಮ್ಮ ಹೇಳ್ಲಿಲ್ಲ? ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ," ಅಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಅವಳ ಮೇಲೆ ಸಿಟ್ಟು ಮಾಡಲು ನನಗೆ ಆಗಲೂ ಮುಖವಿತ್ತು.

ಅವಳು ಈಗ ನಿಲ್ಲಿಸಿದಳು. "ಹೇಳೋಕೆ ಬಾಯಿ ತೆಗ್ದೆ ಅಕ್ಕ. ನೀವು ಕೈ ತೋರ್ಸಿದ್ರಿ, ಸುಮ್ನಿರು ಅಂತ. ಎರಡ್ ಸಲ ತೋರ್ಸಿದ್ರಿ. ಆಮೇಲೆ ಆಳು ನೀವೇ ಕರೆಸಿದ್ರಿ. ಅವರ್ ಮುಂದೆ ಬೇಡ ಅನ್ಬೇಕಾದ್ರೆ ಒಂದು ನಾನು ನಿಮ್ ಮಾತು ಮೀರ್ದೋಳು ಆಗ್ಬೇಕು, ಇಲ್ಲ ನಿಮ್ ಕಿವಿ ಹೋಗಿದೆ ಅಂತ ಬೀದೀಲಿ ಹೇಳ್ಬೇಕು. ನಮ್ಮನೆಯೋರ ಬಾಯಲ್ಲಿ ಎರಡೂ ಚೆನ್ನಾಗಿರಲ್ಲ."

ಆವತ್ತು ಕೈ ತೋರಿಸಿದ್ದು ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ ಅನ್ನುವುದು ಮಾತ್ರ ಗೊತ್ತಿತ್ತು. ನಮ್ಮ ಗೂಡು ಬಂದು ನೋಡ್ತೀಯಾ ಅಂತ ಕೇಳಿದೆ. ಅವಳು ಕೈ ತೊಳೆದುಕೊಂಡು, ಬ್ಲೇಡು ತೆಗೆದುಕೊಂಡು ನನ್ನ ಜೊತೆ ಬಂದಳು.

ನಮ್ಮ ಜಗಲಿಯ ಮೇಲೆ ಅವಳನ್ನು ಕೂರಿಸಿದೆ. ಎದುರು ಮನೆಯವರು ನೋಡುತ್ತಿದ್ದರು. ಗಂಡ ಒಳಗಿನಿಂದ ಐದು ಗೂಡು ತಂದು, ಅಭ್ಯಾಸಬಲದಿಂದ, ತಟ್ಟೆಯನ್ನು ನನ್ನ ಮುಂದೆ ಹಿಡಿದ. ಅವಳಿಗೆ ಕೊಡಿ ಅಂದೆ. ಅವಳು ಒಂದನ್ನು ಕೊಯ್ದು ಅಂಗೈ ಮೇಲೆ ಉರುಳಿಸಿಕೊಂಡು ನೋಡಿದಳು. ನಾನೂ ಬಗ್ಗಿ ನೋಡಿದೆ. ನನ್ನ ಕಣ್ಣಿಗೆ ಅದು ಕಂದಾಗಿಯೇ ಕಾಣಿಸಿತು, ಇನ್ನು ಬಿಡಿಸಬಹುದು ಅನ್ನಿಸಿತು.

"ಅಕ್ಕ, ಇದು ಇನ್ನೂ..." ಅಂತ ಅವಳು ಶುರು ಮಾಡಿದಳು, ಅಲ್ಲಿಗೇ ನಿಲ್ಲಿಸಿದಳು.

ಯಾಕೆ ನಿಲ್ಲಿಸಿದಳು ಅಂತ ನಾನು ಅವಳ ಮುಖ ನೋಡಿದೆ. ಅವಳು ನನ್ನ ಕೈ ನೋಡುತ್ತಿದ್ದಳು. ನನ್ನ ಬಲಗೈ ಎದೆಯ ಮಟ್ಟಕ್ಕೆ ಎದ್ದು, ಐದೂ ಬೆರಳು ನೆಟ್ಟಗೆ ಮಾಡಿಕೊಂಡು, ಅವಳ ಬಾಯಿಯ ಕಡೆಗೆ ತಿರುಗಿತ್ತು. ಅದನ್ನು ಎತ್ತಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಇಷ್ಟು ವರ್ಷ ಎಷ್ಟು ಜನರ ಮುಂದೆ ಅದು ಹಾಗೆ ಎದ್ದಿರಬೇಕು ಅನ್ನುವುದು ಒಟ್ಟಿಗೇ ತಲೆಗೆ ಬಂತು. ಆ ಕೈ ನೋಡಿ ನನಗೆ ಆದ ಹೇಸಿಗೆ ಯಾರ ಕಿವಿಯ ಗಲೀಜು ನೋಡಿಯೂ ಆಗಿಲ್ಲ.

ಎಡಗೈಯಿಂದ ಅದನ್ನು ಹಿಡಿದು ತೊಡೆಯ ಮೇಲೆ ಇಳಿಸಿದೆ. ಬಿಡದೆ ಹಾಗೇ ಹಿಡಿದುಕೊಂಡು ಕೂತೆ.

"ಹೇಳಮ್ಮ," ಅಂದೆ.

"ಇನ್ನೂ ಒಂದು ದಿನ ಬಿಡಿ," ಅಂದಳು.